ಕತ್ತರಿಯ ಗುರುತುಗಳು: ಯುರೋಪಿನ ಕಾಮಪ್ರಧಾನ ಚಲನಚಿತ್ರಗಳ ಪಾಠಭೇದಗಳು (1950–1985)

1. ಪೀಠಿಕೆ

ಎರಡನೆಯ ಮಹಾಯುದ್ಧಾನಂತರದ ಯುರೋಪಿನ ಚಲನಚಿತ್ರ ಚರಿತ್ರೆಯನ್ನು ನಿರೂಪಿಸುವಾಗ ಇಟಲಿಯ ನವವಾಸ್ತವವಾದ, ಫ್ರಾನ್ಸಿನ ಹೊಸ ಅಲೆ, ಸ್ವೀಡನ್ನಿನ ಬರ್ಗ್‌ಮನ್ ಮೊದಲಾದ ಕೆಲವು ಶಿಖರಗಳನ್ನು ಗುರುತಿಸುವುದು ವಾಡಿಕೆ. ಅದೇ ಕಾಲದಲ್ಲಿ, ಎಷ್ಟೋ ಸಲ ಅವೇ ಸ್ಟುಡಿಯೋಗಳಲ್ಲಿ ಸಿದ್ಧವಾದ ಮತ್ತೊಂದು ಚಿತ್ರರಾಶಿಯೂ ಉಂಟು. ಕಾಮ, ಹಿಂಸೆ, ಭಯ, ವಿಲಕ್ಷಣ ಕುತೂಹಲಗಳನ್ನು ಮುಂದಿಟ್ಟುಕೊಂಡು, ಅಲ್ಪ ವೆಚ್ಚದಲ್ಲಿ, ಅಲ್ಪಾವಧಿಯಲ್ಲಿ ತಯಾರಾಗಿ, ಹಲವು ದೇಶಗಳ ಮಾರುಕಟ್ಟೆಗೆ ಹೋಗುತ್ತಿದ್ದ ಈ ಚಿತ್ರಗಳನ್ನು ವಿಮರ್ಶೆ ಬಹುಕಾಲ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಪರಿಸ್ಥಿತಿ ಬದಲಾದದ್ದು ಇತ್ತೀಚಿನ ದಶಕಗಳಲ್ಲಿ. ಸ್ಪೇನಿನ ನಿರ್ದೇಶಕ ಹೆಸುಸ್ ಫ್ರಾಂಕೊ (1930–2013) ಅವರ ಚಿತ್ರಗಳ ಸಿಂಹಾವಲೋಕನವನ್ನು ಪ್ಯಾರಿಸ್ಸಿನ ಸಿನೆಮಾತೆಕ್ ಫ್ರಾನ್ಸೇಸ್ 2008ರಲ್ಲಿ ಏರ್ಪಡಿಸಿತು. ಮರುವರ್ಷ ಸ್ಪೇನಿನ ಚಲನಚಿತ್ರ ಅಕಾಡೆಮಿ ಅವರಿಗೆ ಗೋಯಾ ಗೌರವ ಪ್ರಶಸ್ತಿಯನ್ನು ನೀಡಿತು. ಸಂಗ್ರಹಾಲಯಗಳ ಹೊರಬಾಗಿಲಲ್ಲೇ ಉಳಿದಿದ್ದ ಚಿತ್ರಗಳು ಈಗ ಒಳಗಿನ ಕಪಾಟುಗಳಲ್ಲಿ ಸ್ಥಾನ ಪಡೆದಿವೆ.

ಈ ಚಿತ್ರಗಳ ಅಧ್ಯಯನಕ್ಕೆ ತೊಡಗುವವರಿಗೆ ಮೊದಲು ಎದುರಾಗುವ ತೊಡಕು ಪಠ್ಯಕ್ಕೆ ಸಂಬಂಧಿಸಿದ್ದು. ಒಂದೇ ಶೀರ್ಷಿಕೆಯ ಚಿತ್ರವು ರೋಮಿನಲ್ಲಿ ಒಂದು ರೂಪದಲ್ಲಿ, ಮ್ಯಾಡ್ರಿಡ್‌ನಲ್ಲಿ ಇನ್ನೊಂದು ರೂಪದಲ್ಲಿ, ಲಂಡನ್ನಿನಲ್ಲಿ ಮತ್ತೊಂದು ರೂಪದಲ್ಲಿ ಪ್ರದರ್ಶನಗೊಂಡಿರುತ್ತದೆ. ಅವುಗಳಲ್ಲಿ ಮೂಲ ಯಾವುದು, ಲೋಪ ಎಲ್ಲಿದೆ, ಪ್ರಕ್ಷೇಪ ಯಾವುದು ಎಂಬ ಪ್ರಶ್ನೆಗಳು ಗ್ರಂಥಸಂಪಾದನೆಯ ಪರಿಚಯವಿರುವ ಕನ್ನಡ ವಿದ್ವಾಂಸರಿಗೆ ಹೊಸವಲ್ಲ. ತಾಳೆಗರಿಯ ಪ್ರತಿಗಳಲ್ಲಿ ಲಿಪಿಕಾರನ ಕೈ ಮಾಡಿದ ಕೆಲಸವನ್ನು ಇಲ್ಲಿ ಸೆನ್ಸಾರ್ ಅಧಿಕಾರಿ, ವಿತರಕ, ಡಬ್ಬಿಂಗ್ ಕಲಾವಿದ ಮತ್ತು ನಿರ್ಮಾಪಕರು ಮಾಡಿದ್ದಾರೆ. ಈ ಪಾಠಭೇದಗಳು ಹೇಗೆ ಹುಟ್ಟಿದವು, ಅವುಗಳಿಂದ ಏನನ್ನು ತಿಳಿಯಬಹುದು, ಏನನ್ನು ತಿಳಿಯಲಾಗದು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರತಿಯೊಂದು ಕತ್ತರಿಯ ಗುರುತೂ ಒಂದು ಪ್ರಭುತ್ವವು ತನ್ನ ಪ್ರೇಕ್ಷಕನ ಬಗ್ಗೆ ಪಟ್ಟ ಆತಂಕದ ದಾಖಲೆ. ಕ್ಯಾಮೆರಾದ ಎದುರು ನಿಂತ ವ್ಯಕ್ತಿಯ ಬಗ್ಗೆ ಮಾತ್ರ ಆ ದಾಖಲೆ ಬಹುಮಟ್ಟಿಗೆ ಮೌನವಾಗಿದೆ ಎಂಬುದು ಇಲ್ಲಿನ ಮುಖ್ಯ ಪ್ರತಿಪಾದನೆ.

2. ಪರಿಭಾಷೆ

ಈ ಚಿತ್ರಗಳಿಗೆ ಬಳಕೆಯಲ್ಲಿರುವ ‘ಎಕ್ಸ್‌ಪ್ಲಾಯ್ಟೇಶನ್’ ಎಂಬ ಪದ ಮೊದಲಿಗೆ ಚಿತ್ರೋದ್ಯಮದ ಪ್ರಚಾರ ವಿಭಾಗಕ್ಕೆ ಸೇರಿದ್ದು. ಚಿತ್ರದಲ್ಲಿರುವ ಯಾವ ಅಂಶವನ್ನು ಜಾಹೀರಾತಿನಲ್ಲಿ ಎತ್ತಿ ತೋರಿಸಿ ಜನರನ್ನು ಸೆಳೆಯಬಹುದು ಎಂಬ ಲೆಕ್ಕಾಚಾರಕ್ಕೆ ಆ ಹೆಸರಿತ್ತು. ತಾರೆಯರಾಗಲಿ ದೊಡ್ಡ ಬಂಡವಾಳವಾಗಲಿ ಇಲ್ಲದ ಚಿತ್ರಗಳಿಗೆ ಆ ಒಂದು ಅಂಶವೇ ಸರ್ವಸ್ವವಾದಾಗ ಪದವು ಇಡೀ ಪ್ರಕಾರಕ್ಕೆ ಅಂಟಿಕೊಂಡಿತು. ಕನ್ನಡದಲ್ಲಿ ಇದನ್ನು ‘ಶೋಷಣೆ’ ಎಂದಷ್ಟೇ ಹೇಳಿದರೆ ಅರ್ಧ ಅರ್ಥ ಮಾತ್ರ ದೊರೆಯುತ್ತದೆ. ಒಂದನ್ನು ‘ಬಂಡವಾಳ ಮಾಡಿಕೊಳ್ಳುವುದು’ ಎಂಬ ನುಡಿಗಟ್ಟು ಮೂಲದ ವ್ಯಾಪಾರಿ ಅರ್ಥಕ್ಕೆ ಹೆಚ್ಚು ಹತ್ತಿರವಾಗಿದೆ. ಯಾವುದನ್ನು, ಯಾರನ್ನು ಬಂಡವಾಳ ಮಾಡಿಕೊಳ್ಳಲಾಯಿತು ಎಂದು ಕೇಳಿದಾಗ ಶೋಷಣೆ ಎಂಬ ಅರ್ಥವೂ ತಾನಾಗಿ ಕೂಡಿಕೊಳ್ಳುತ್ತದೆ.

ಇಟಲಿಯಲ್ಲಿ ಇಂತಹ ಚಿತ್ರಗಳ ಸಾಲುಗಳಿಗೆ ‘ಫಿಲೋನೆ’ ಎಂಬ ಹೆಸರಿದೆ. ಗಣಿಯಲ್ಲಿ ಅದಿರಿನ ಎಳೆ ಎಂಬುದು ಅದರ ಅರ್ಥ. ಒಂದು ಚಿತ್ರ ಗೆದ್ದರೆ ಆ ಎಳೆ ಬರಿದಾಗುವವರೆಗೆ ಅದನ್ನೇ ಅಗೆಯುವುದು ಇಲ್ಲಿನ ಕ್ರಮ. ಪಿಯರ್ ಪಾವ್ಲೊ ಪಸೋಲಿನಿ ಅವರ ‘ಡೆಕಮೆರಾನ್’ ಚಿತ್ರ 1971ರ ಬರ್ಲಿನ್ ಚಿತ್ರೋತ್ಸವದಲ್ಲಿ ಬೆಳ್ಳಿ ಕರಡಿಯನ್ನು ಪಡೆಯಿತು. ಅದರ ಗಳಿಕೆಯನ್ನು ಕಂಡ ನಿರ್ಮಾಪಕರು ಮಧ್ಯಯುಗದ ಉಡುಪುಗಳನ್ನು ಬಾಡಿಗೆಗೆ ತಂದು ‘ಡೆಕಮೆರೋತಿಕಿ’ ಎಂದು ಕರೆಯಲಾದ ಕಾಮಹಾಸ್ಯಗಳ ಸಾಲನ್ನೇ ಹೊರತಂದರು. ಕಲಾಕೃತಿ ಮತ್ತು ಅಗ್ಗದ ಅನುಕರಣೆ ಒಂದೇ ಎಳೆಯ ಎರಡು ತುದಿಗಳಾಗಿದ್ದವು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

3. ಆರ್ಥಿಕ ಹಿನ್ನೆಲೆ

ಈ ಚಿತ್ರಗಳ ಬೆಳವಣಿಗೆಗೆ ನೈತಿಕ ಸಡಿಲಿಕೆಯೊಂದೇ ಕಾರಣವೆಂದು ಹೇಳುವುದು ಪೂರ್ಣ ಸತ್ಯವಾಗದು. ಚಿತ್ರಮಂದಿರಗಳ ಪ್ರೇಕ್ಷಕರ ಸಂಖ್ಯೆಯಲ್ಲಾದ ಕುಸಿತ ಅಷ್ಟೇ ಮುಖ್ಯವಾದ ಕಾರಣ. ಬ್ರಿಟನ್ನಿನಲ್ಲಿ 1946ರಲ್ಲಿ ಸುಮಾರು 163 ಕೋಟಿ ಟಿಕೆಟ್‌ಗಳು ಮಾರಾಟವಾಗಿದ್ದವು. 1970ರ ವೇಳೆಗೆ ಆ ಸಂಖ್ಯೆ ಸುಮಾರು 19 ಕೋಟಿಗೆ ಇಳಿಯಿತು. ಪಶ್ಚಿಮ ಜರ್ಮನಿಯಲ್ಲಿ 1956ರ ಸುಮಾರು 81 ಕೋಟಿ 1970ರಲ್ಲಿ ಸುಮಾರು 16 ಕೋಟಿಯಾಯಿತು. ದೂರದರ್ಶನ ಕುಟುಂಬವನ್ನು ಮನೆಯಲ್ಲಿ ಕೂರಿಸಿತು. ಮನೆಯಲ್ಲಿ ತೋರಿಸಲಾಗದ್ದನ್ನು ತೋರಿಸಿ ಉಳಿಯಬೇಕಾದ ಒತ್ತಡ ಚಿತ್ರಮಂದಿರಗಳ ಮೇಲೆ ಬಿದ್ದಿತು. ಇಟಲಿಯಲ್ಲಿ ಕುಸಿತ ತಡವಾಗಿ ಬಂದಿತು. ಅಲ್ಲಿ 1955ರಲ್ಲಿ ಸುಮಾರು 82 ಕೋಟಿಯಿದ್ದ ಟಿಕೆಟ್ ಸಂಖ್ಯೆ 1975ರಲ್ಲಿಯೂ 50 ಕೋಟಿಗಿಂತ ಹೆಚ್ಚಾಗಿಯೇ ಇತ್ತು. ಖಾಸಗಿ ಸ್ಥಳೀಯ ದೂರದರ್ಶನಕ್ಕೆ ಅಲ್ಲಿನ ಸಂವಿಧಾನ ನ್ಯಾಯಾಲಯ 1976ರಲ್ಲಿ ದಾರಿ ತೆರೆದ ಮೇಲೆ, 1980ರ ವೇಳೆಗೆ, ಅದು ಅರ್ಧಕ್ಕಿಂತ ಕೆಳಗಿಳಿಯಿತು. ಇಟಲಿ ಈ ಬಗೆಯ ಚಿತ್ರಗಳ ದೊಡ್ಡ ಕಾರ್ಖಾನೆಯಾಗಿ ಉಳಿದುದಕ್ಕೆ ಈ ಅವಧಿಯ ವ್ಯತ್ಯಾಸವೂ ಒಂದು ಕಾರಣ. ಪ್ರಥಮ, ದ್ವಿತೀಯ, ತೃತೀಯ ಪ್ರದರ್ಶನಗಳೆಂಬ ಶ್ರೇಣಿಯಲ್ಲಿ ಹಂಚಿಹೋಗಿದ್ದ ಅಲ್ಲಿನ ಚಿತ್ರಮಂದಿರಗಳಿಗೆ, ಅದರಲ್ಲಿಯೂ ಬಡಾವಣೆ ಮತ್ತು ಹಳ್ಳಿಗಳ ತೃತೀಯ ದರ್ಜೆಯ ಮಂದಿರಗಳಿಗೆ, ಹೊಸ ಸರಕು ನಿರಂತರವಾಗಿ ಬೇಕಾಗುತ್ತಿತ್ತು.

ಎರಡನೆಯ ಕಾರಣ ಸಹನಿರ್ಮಾಣ ಪದ್ಧತಿ. ಫ್ರಾನ್ಸ್ ಮತ್ತು ಇಟಲಿಗಳ ನಡುವೆ 1949ರಲ್ಲಿ ಆದ ಒಪ್ಪಂದ ಇದಕ್ಕೆ ಮಾದರಿಯಾಯಿತು. ಎರಡು ಅಥವಾ ಮೂರು ದೇಶಗಳ ನಿರ್ಮಾಪಕರು ಬಂಡವಾಳ ಕೂಡಿಸಿ, ಪ್ರತಿ ದೇಶದಿಂದಲೂ ನಿಗದಿತ ಪ್ರಮಾಣದ ನಟರನ್ನೂ ತಂತ್ರಜ್ಞರನ್ನೂ ತೆಗೆದುಕೊಂಡರೆ, ಆ ಚಿತ್ರ ಎಲ್ಲ ದೇಶಗಳಲ್ಲಿಯೂ ಸ್ವದೇಶಿ ಚಿತ್ರವೆಂದು ಪರಿಗಣಿತವಾಗಿ ಸರ್ಕಾರದ ಸಹಾಯಕ್ಕೆ ಅರ್ಹವಾಗುತ್ತಿತ್ತು. ಮೂರನೆಯ ಕಾರಣ ತಾಂತ್ರಿಕವಾದುದು. ಇಟಲಿಯಲ್ಲಿ ಚಿತ್ರೀಕರಣದ ಸಮಯದ ಧ್ವನಿಯನ್ನು ಬಳಸುವ ರೂಢಿ ಕಡಿಮೆ. ಸಂಭಾಷಣೆಯನ್ನು ನಂತರ ಸ್ಟುಡಿಯೋದಲ್ಲಿ ಸೇರಿಸಲಾಗುತ್ತಿತ್ತು. ಒಂದೇ ದೃಶ್ಯದಲ್ಲಿ ಜರ್ಮನ್ ನಟಿ ಜರ್ಮನ್ ಭಾಷೆಯಲ್ಲಿ, ಸ್ಪೇನಿನ ನಟ ಸ್ಪ್ಯಾನಿಷ್‌ನಲ್ಲಿ ಮಾತನಾಡಿದರೂ ಅಡ್ಡಿಯಿರಲಿಲ್ಲ. ಯಾವ ದೇಶದ ಪ್ರತಿಯೂ ಹೀಗೆ ‘ಮೂಲ ಭಾಷೆ’ಯ ಪ್ರತಿಯಾಗಿರುತ್ತಿರಲಿಲ್ಲ. ಪಾಠಭೇದಗಳ ಬೀಜ ಚಿತ್ರೀಕರಣದ ಹಂತದಲ್ಲಿಯೇ ಬಿದ್ದಿರುತ್ತಿತ್ತು.

4. ಕಾನೂನು ಮತ್ತು ರೂಪ

ಕಾನೂನು ಈ ಚಿತ್ರಗಳನ್ನು ತಡೆದುದಷ್ಟೇ ಅಲ್ಲದೆ ಅವುಗಳ ರೂಪವನ್ನೂ ನಿರ್ಧರಿಸಿತು. ಇದಕ್ಕೆ ನಾಲ್ಕು ದೇಶಗಳ ನಿದರ್ಶನಗಳನ್ನು ಪರಿಶೀಲಿಸಬಹುದು.

ಸ್ವೀಡನ್ 1911ರಿಂದಲೂ ಸರ್ಕಾರಿ ಸೆನ್ಸಾರ್ ಕಚೇರಿಯನ್ನು ಹೊಂದಿದ್ದ ದೇಶ. ಅಲ್ಲಿನ ವಿಲ್ಗೊಟ್ ಷೋಮನ್ ಅವರ ‘ಐ ಆ್ಯಮ್ ಕ್ಯೂರಿಯಸ್ (ಯೆಲ್ಲೊ)’ ಎಂದು ಹೊರದೇಶಗಳಲ್ಲಿ ಪ್ರಸಿದ್ಧವಾದ 1967ರ ಚಿತ್ರದಲ್ಲಿ ನಾಯಕಿ ಧ್ವನಿಮುದ್ರಣ ಯಂತ್ರವನ್ನು ಹಿಡಿದು ಬೀದಿಯ ಜನರನ್ನು ಸ್ವೀಡನ್ನಿನ ವರ್ಗವ್ಯವಸ್ಥೆಯ ಬಗ್ಗೆ ಪ್ರಶ್ನಿಸುತ್ತಾಳೆ. ಈ ಸಂದರ್ಶನಗಳ ನಡುವೆ ಮುಚ್ಚುಮರೆಯಿಲ್ಲದ ಪ್ರಣಯದೃಶ್ಯಗಳು ಬರುತ್ತವೆ. ಅಮೆರಿಕದ ಸುಂಕ ಇಲಾಖೆ 1968ರಲ್ಲಿ ಚಿತ್ರವನ್ನು ವಶಪಡಿಸಿಕೊಂಡಿತು. ಅದೇ ವರ್ಷದ ಕೊನೆಗೆ ಮೇಲ್ಮನವಿ ನ್ಯಾಯಾಲಯ ಅದು ಅಶ್ಲೀಲವಲ್ಲವೆಂದು ತೀರ್ಪಿತ್ತಿತು. ಸಾಮಾಜಿಕ ಮೌಲ್ಯ ಸಂಪೂರ್ಣವಾಗಿ ಶೂನ್ಯವಾಗಿರುವ ಕೃತಿಯನ್ನು ಮಾತ್ರ ನಿಷೇಧಿಸಬಹುದೆಂಬ ಅಂದಿನ ನ್ಯಾಯತತ್ತ್ವಕ್ಕೆ ಆ ಸಂದರ್ಶನಗಳು ಉತ್ತರವಾಗಿ ನಿಂತವು. ನೆರೆಯ ಡೆನ್ಮಾರ್ಕ್ 1969ರಲ್ಲಿ ಚಿತ್ರರೂಪದ ಅಶ್ಲೀಲ ಸಾಹಿತ್ಯದ ಮೇಲಿನ ನಿಷೇಧವನ್ನೂ ವಯಸ್ಕರಿಗೆ ಸಂಬಂಧಿಸಿದ ಚಲನಚಿತ್ರ ಸೆನ್ಸಾರನ್ನೂ ರದ್ದುಪಡಿಸಿತು.

ಪಶ್ಚಿಮ ಜರ್ಮನಿಯಲ್ಲಿ ದಾರಿ ತೆರೆದುದು ಶಿಕ್ಷಣದ ಹೆಸರಿನಲ್ಲಿ. ಗರ್ಭಧಾರಣೆ ಮತ್ತು ಹೆರಿಗೆಯನ್ನು ವಿವರಿಸುವ ‘ಹೆಲ್ಗಾ’ (1967) ಚಿತ್ರಕ್ಕೆ ಅಲ್ಲಿನ ಫೆಡರಲ್ ಸರ್ಕಾರದ ಆರೋಗ್ಯ ಇಲಾಖೆಯ ಬೆಂಬಲವೇ ಇತ್ತು. ಮರುವರ್ಷ ಪತ್ರಕರ್ತ ಓಸ್ವಾಲ್ಟ್ ಕೋಲೆ ಅವರ ದಾಂಪತ್ಯ ಶಿಕ್ಷಣದ ಚಿತ್ರಗಳು ಬಂದವು. 1970ರಿಂದ ನಿರ್ಮಾಪಕ ವೋಲ್ಫ್ ಸಿ. ಹಾರ್ಟ್‌ವಿಗ್ ಅವರ ‘ರಿಪೋರ್ಟ್’ ಸರಣಿ ಆರಂಭವಾಗಿ 13 ಭಾಗಗಳವರೆಗೆ ಮುಂದುವರಿಯಿತು. ಸಂದರ್ಶಕ, ತಜ್ಞನ ಗಂಭೀರ ಹಿನ್ನೆಲೆ ಧ್ವನಿ, ಪಾಲಕರಿಗೆ ಎಚ್ಚರಿಕೆ ಇವೆಲ್ಲ ಸರ್ಕಾರಿ ಚಿತ್ರದಿಂದ ವ್ಯಾಪಾರಿ ಚಿತ್ರಕ್ಕೆ ಹಾಗೆಯೇ ದಾಟಿದವು. ಒಳಗಿನ ಸರಕು ಬದಲಾದರೂ ಹೊರಗಿನ ಲಕೋಟೆ ಬದಲಾಗಲಿಲ್ಲ.

ಫ್ರಾನ್ಸಿನ ನಿದರ್ಶನ ಬೇರೆ ಬಗೆಯದು. ಜಸ್ಟ್ ಜಾಕಿನ್ ನಿರ್ದೇಶಿಸಿದ, ಡಚ್ ನಟಿ ಸಿಲ್ವಿಯಾ ಕ್ರಿಸ್ಟೆಲ್ ಅಭಿನಯಿಸಿದ ‘ಎಮ್ಯಾನುಯೆಲ್’ ಜಿಸ್ಕಾರ್ ದೆಸ್ತೇಂಗ್ ಅಧ್ಯಕ್ಷರಾಗಿ ಆಯ್ಕೆಯಾದ ಮರುತಿಂಗಳು, 1974ರ ಜೂನ್‌ನಲ್ಲಿ, ಬಿಡುಗಡೆಯಾಯಿತು. ಫ್ರಾನ್ಸಿನಲ್ಲಿಯೇ ಸುಮಾರು 89 ಲಕ್ಷ ಜನ ಅದನ್ನು ನೋಡಿದರು. ಪ್ಯಾರಿಸ್ಸಿನ ಷಾಂಜ್ ಎಲಿಜೆಯ ಒಂದು ಚಿತ್ರಮಂದಿರದಲ್ಲಿ ಅದು ಹತ್ತು ವರ್ಷಗಳಿಗೂ ಮಿಕ್ಕಿ ಓಡಿತು. ಇದರ ಬೆನ್ನಿಗೇ ಇನ್ನೂ ತೀಕ್ಷ್ಣವಾದ ಚಿತ್ರಗಳ ಪ್ರವಾಹ ಬಂದಾಗ ಪ್ರಭುತ್ವ ನಿಷೇಧದ ಬದಲು ತೆರಿಗೆಯ ಮಾರ್ಗವನ್ನು ಹಿಡಿಯಿತು. 1975ರ ಡಿಸೆಂಬರ್ 30ರ ಹಣಕಾಸು ಕಾಯ್ದೆ ‘ಎಕ್ಸ್’ ಎಂಬ ವರ್ಗವನ್ನು ನಿರ್ಮಿಸಿ, ಆ ವರ್ಗದ ಚಿತ್ರಗಳಿಗೆ ಶೇ. 33ರ ಮೌಲ್ಯವರ್ಧಿತ ತೆರಿಗೆಯನ್ನೂ ಲಾಭದ ಮೇಲೆ ವಿಶೇಷ ಕರವನ್ನೂ ವಿಧಿಸಿತು. ಸರ್ಕಾರದ ಸಹಾಯಧನದಿಂದ ಅವುಗಳನ್ನು ಹೊರಗಿಟ್ಟು, ಪ್ರತ್ಯೇಕ ಮಂದಿರಗಳಿಗೆ ಸೀಮಿತಗೊಳಿಸಿತು. ಚಿತ್ರವೊಂದು ‘ಎಕ್ಸ್’ ಗೆರೆಯ ಈಚೆಗಿದೆಯೋ ಆಚೆಗಿದೆಯೋ ಎಂಬುದು ಅಂದಿನಿಂದ ನಿರ್ಮಾಪಕನ ಲೆಕ್ಕಪುಸ್ತಕದ ಪ್ರಶ್ನೆಯಾಯಿತು. ಗೆರೆಯ ಎರಡೂ ಬದಿಗೆ ಸಲ್ಲುವಂತೆ ಮೃದು ಹಾಗೂ ತೀಕ್ಷ್ಣ ಎಂಬ ಎರಡು ಪ್ರತಿಗಳನ್ನು ಸಿದ್ಧಪಡಿಸುವ ರೂಢಿಗೆ ಇಂತಹ ಕಾನೂನುಗಳು ಪ್ರೇರಣೆಯಾದವು.

ಸ್ಪೇನಿನಲ್ಲಿ ಜನರಲ್ ಫ್ರಾಂಕೊ ಆಡಳಿತದ ಸೆನ್ಸಾರ್ ದೃಶ್ಯದಷ್ಟೇ ಮಾತಿನ ಮೇಲೂ ಕಣ್ಣಿಟ್ಟಿತ್ತು. ವಿದೇಶಿ ಚಿತ್ರಗಳಿಗೆ ಡಬ್ಬಿಂಗನ್ನು 1941ರಲ್ಲಿ ಕಡ್ಡಾಯಗೊಳಿಸಲಾಗಿತ್ತು. ಜಾನ್ ಫೋರ್ಡ್ ಅವರ ‘ಮೊಗಾಂಬೊ’ (1953) ಚಿತ್ರದಲ್ಲಿ ವಿವಾಹಿತೆಯೊಬ್ಬಳ ಪರಪುರುಷ ಪ್ರೇಮವನ್ನು ಮರೆಮಾಚಲು ಸ್ಪ್ಯಾನಿಷ್ ಡಬ್ಬಿಂಗ್ ಆಕೆಯ ಗಂಡನನ್ನು ಅಣ್ಣನನ್ನಾಗಿ ಮಾಡಿತು. ತೆರೆಯ ಮೇಲೆ ಅವರಿಬ್ಬರ ವರ್ತನೆ ದಂಪತಿಗಳದಾಗಿಯೇ ಉಳಿದದ್ದರಿಂದ, ವ್ಯಭಿಚಾರವನ್ನು ತೊಡೆಯಲು ಹೋಗಿ ಅಗಮ್ಯಗಮನದ ಸೂಚನೆಯನ್ನು ತಂದಂತಾಯಿತು. ಹೊರದೇಶಗಳಿಗೆ ಚಿತ್ರ ಮಾರಬೇಕಾಗಿದ್ದ ಸ್ಪೇನಿನ ನಿರ್ಮಾಪಕರು ಕೆಲವು ದೃಶ್ಯಗಳನ್ನು ಎರಡು ಬಾರಿ ಚಿತ್ರೀಕರಿಸುತ್ತಿದ್ದರು: ಸ್ವದೇಶಕ್ಕೆ ಉಡುಪು ಧರಿಸಿದ ನಟಿ, ರಫ್ತಿಗೆ ಉಡುಪಿಲ್ಲದ ನಟಿ. ಜನರಲ್ ಫ್ರಾಂಕೊ 1975ರ ನವೆಂಬರ್‌ನಲ್ಲಿ ನಿಧನರಾದರು. 1977ರ ನವೆಂಬರ್‌ನ ರಾಜಾಜ್ಞೆ ಸೆನ್ಸಾರನ್ನು ರದ್ದುಪಡಿಸಿ, ಪ್ರೇಕ್ಷಕರ ಸಂವೇದನೆಗೆ ಧಕ್ಕೆ ತರಬಹುದಾದ ಚಿತ್ರಗಳಿಗೆ ‘ಎಸ್’ ಎಂಬ ವರ್ಗವನ್ನು ಏರ್ಪಡಿಸಿತು. ಎಚ್ಚರಿಕೆಗಾಗಿ ಇಟ್ಟ ಆ ಅಕ್ಷರವೇ ಭಿತ್ತಿಪತ್ರಗಳಲ್ಲಿ ಆಕರ್ಷಣೆಯಾಯಿತು.

5. ಪಾಠಭೇದಗಳ ಬಗೆಗಳು

ಮೇಲಿನ ಒತ್ತಡಗಳಿಂದ ಹುಟ್ಟಿದ ಪಾಠಭೇದಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಬಹುದು.

ಮೊದಲನೆಯದು ಲೋಪ. ಇದು ಕೇವಲ ಸೆನ್ಸಾರಿನ ಕೆಲಸವಾಗಿರಲಿಲ್ಲ. ಬರ್ಗ್‌ಮನ್ ಅವರ ‘ಸಮರ್ ವಿತ್ ಮೋನಿಕಾ’ (1953) ಚಿತ್ರವನ್ನು ಅಮೆರಿಕದ ವಿತರಕ ಕ್ರೋಗರ್ ಬ್ಯಾಬ್ 1955ರಲ್ಲಿ ಕೊಂಡು, 96 ನಿಮಿಷಗಳ ಕೃತಿಯನ್ನು 62 ನಿಮಿಷಗಳಿಗೆ ಇಳಿಸಿ, ಇಂಗ್ಲಿಷ್ ಸಂಭಾಷಣೆ ಮತ್ತು ಹೊಸ ಸಂಗೀತವನ್ನು ಸೇರಿಸಿ, ‘ಒಬ್ಬ ಕೆಟ್ಟ ಹುಡುಗಿಯ ಕಥೆ’ ಎಂಬರ್ಥದ ಶೀರ್ಷಿಕೆಯಡಿ ಬಿಡುಗಡೆ ಮಾಡಿದರು. ನಗ್ನತೆಯಿದ್ದ ಕ್ಷಣಗಳು ಉಳಿದು, ಬಡತನ ಮತ್ತು ದಾಂಪತ್ಯದ ಕುಸಿತವನ್ನು ಕುರಿತ ಭಾಗ ಕ್ಷೀಣಿಸಿತು. ಸೆನ್ಸಾರ್ ಯಾವುದನ್ನು ಕತ್ತರಿಸುತ್ತಿತ್ತೋ ಅದನ್ನು ಉಳಿಸಿಕೊಂಡು ಮಿಕ್ಕುದನ್ನು ಕತ್ತರಿಸಿದ ವಿಲೋಮ ನಿದರ್ಶನವಿದು. ಇಂದು ವಿಶ್ವಸಿನಿಮಾದ ಶ್ರೇಷ್ಠ ಕೃತಿಗಳ ಸಾಲಿನಲ್ಲಿರುವ ಚಿತ್ರವೊಂದು ಇನ್ನೊಂದು ಪಾಠದಲ್ಲಿ ಎಕ್ಸ್‌ಪ್ಲಾಯ್ಟೇಶನ್ ಚಿತ್ರವಾಗಿತ್ತು.

ಎರಡನೆಯದು ದ್ವಿಪಾಠ, ಅಂದರೆ ನಿರ್ಮಾಣದ ಹಂತದಲ್ಲಿಯೇ ಯೋಜಿತವಾದ ಜೋಡಿ ರೂಪ. ಹೆಸುಸ್ ಫ್ರಾಂಕೊ ಅವರ ‘ಗ್ರಿತೋಸ್ ಎನ್ ಲಾ ನೋಚೆ’ (1962) ಸ್ಪೇನ್ ಮತ್ತು ಫ್ರಾನ್ಸ್‌ಗಳ ಸಹನಿರ್ಮಾಣ. ಅದರ ಫ್ರೆಂಚ್ ಪಾಠದಲ್ಲಿರುವ ನಗ್ನ ದೃಶ್ಯದ ತುಣುಕುಗಳು ಸ್ಪ್ಯಾನಿಷ್ ಪಾಠದಲ್ಲಿಲ್ಲ. ಇಲ್ಲಿ ಎರಡೂ ಮೂಲಗಳೇ. ಒಂದನ್ನು ಇನ್ನೊಂದರ ವಿಕೃತಿ ಎನ್ನಲಾಗದು.

ಮೂರನೆಯದು ಪ್ರಕ್ಷೇಪ. ಫ್ರಾಂಕೊ ಅವರು 1971ರಲ್ಲಿ ಚಿತ್ರೀಕರಿಸಿದ, ‘ಎ ವರ್ಜಿನ್ ಅಮಾಂಗ್ ದ ಲಿವಿಂಗ್ ಡೆಡ್’ ಎಂಬ ಇಂಗ್ಲಿಷ್ ಶೀರ್ಷಿಕೆಯಿಂದ ಈಗ ಪರಿಚಿತವಾಗಿರುವ ಚಿತ್ರ ಇದಕ್ಕೆ ಅತ್ಯುತ್ತಮ ನಿದರ್ಶನ. ತಂದೆಯ ಸಾವಿನ ನಂತರ ಅಪರಿಚಿತ ಬಂಧುಗಳ ಮನೆಗೆ ಬರುವ ಯುವತಿಯೊಬ್ಬಳ ಕನಸಿನಂತಹ ಕಥೆ ಅದು. ಕಾಮಚಿತ್ರಗಳಿಗೆ ಬೇಡಿಕೆಯಿದ್ದಾಗ ಬೇರೊಬ್ಬರು ಚಿತ್ರೀಕರಿಸಿದ ಕಾಮದೃಶ್ಯಗಳು ಅದರೊಳಗೆ ಸೇರಿದವು. ಸುಮಾರು ಹತ್ತು ವರ್ಷಗಳ ನಂತರ ಜೀವಂತ ಶವಗಳ ಚಿತ್ರಗಳಿಗೆ ಬೇಡಿಕೆ ಬಂದಾಗ, ಫ್ರೆಂಚ್ ನಿರ್ದೇಶಕ ಜಾಂ ರೋಲಾಂ ಅವರಿಂದ ಶವಗಳು ಎದ್ದು ನಡೆಯುವ ದೃಶ್ಯಗಳನ್ನು ತೆಗೆಸಿ ಸೇರಿಸಲಾಯಿತು. ಒಂದೇ ಚಿತ್ರದ ಪದರಗಳನ್ನು ಬಿಡಿಸಿದರೆ ಒಂದು ದಶಕದ ಮಾರುಕಟ್ಟೆಯ ಅಭಿರುಚಿಯ ಇತಿಹಾಸ ದೊರೆಯುತ್ತದೆ. ಇಟಲಿಯ ಮಾರಿಯೊ ಬಾವಾ ಅವರ ‘ಲೀಸಾ ಎ ಇಲ್ ದ್ಯಾವೊಲೊ’ (1973) ಚಿತ್ರಕ್ಕೂ ಇದೇ ಗತಿಯಾಯಿತು. ಕಾನ್ ಮಾರುಕಟ್ಟೆಯಲ್ಲಿ ಕೊಳ್ಳುವವರು ಸಿಗದಾಗ ನಿರ್ಮಾಪಕ ಆಲ್ಫ್ರೆಡೊ ಲಿಯೋನೆ, ಅಮೆರಿಕದ ‘ದಿ ಎಕ್ಸಾರ್ಸಿಸ್ಟ್’ ಚಿತ್ರದ ಯಶಸ್ಸನ್ನು ಕಂಡು, ಪಾದ್ರಿಯೊಬ್ಬ ಭೂತ ಬಿಡಿಸುವ ದೃಶ್ಯಗಳನ್ನು ಹೊಸದಾಗಿ ಸೇರಿಸಿ 1975ರಲ್ಲಿ ‘ದ ಹೌಸ್ ಆಫ್ ಎಕ್ಸಾರ್ಸಿಸಂ’ ಎಂದು ಹೊರತಂದರು. ಬಾವಾ ಅವರ ಹೆಸರು ಅದರಲ್ಲಿ ಕಾಣಿಸಿಕೊಳ್ಳಲಿಲ್ಲ. ನಿರ್ದೇಶಕನ ಸ್ಥಾನದಲ್ಲಿ ‘ಮಿಕ್ಕಿ ಲಯನ್’ ಎಂಬ ಕಲ್ಪಿತ ನಾಮವಿತ್ತು.

ನಾಲ್ಕನೆಯದು ಸಂಕರಪಾಠ. ಇದು ಡಿವಿಡಿ ಯುಗದ ಸೃಷ್ಟಿ. ದಾರಿಯೊ ಅರ್ಜೆಂತೊ ಅವರ ‘ಪ್ರೊಫೋಂದೊ ರೊಸ್ಸೊ’ (1975) ಇಟಲಿಯಲ್ಲಿ 126 ನಿಮಿಷಗಳಷ್ಟಿದ್ದು, ರಫ್ತಿನ ಇಂಗ್ಲಿಷ್ ಪಾಠದಲ್ಲಿ ಸುಮಾರು 20 ನಿಮಿಷ ಕಡಿಮೆಯಾಗಿತ್ತು. ಬಿಟ್ಟುಹೋದ ದೃಶ್ಯಗಳಿಗೆ ಇಂಗ್ಲಿಷ್ ಧ್ವನಿ ದೊರೆಯದ ಕಾರಣ, ‘ಸಂಪೂರ್ಣ’ವೆಂದು ಮಾರಾಟವಾದ ಇಂಗ್ಲಿಷ್ ಮುದ್ರಿಕೆಗಳಲ್ಲಿ ಪಾತ್ರಗಳು ಇಂಗ್ಲಿಷ್ ಮಾತನಾಡುತ್ತಿದ್ದಂತೆಯೇ ಇದ್ದಕ್ಕಿದ್ದಂತೆ ಇಟಾಲಿಯನ್ನಿಗೆ ಹೊರಳುತ್ತವೆ. ಯಾವ ದೇಶದ ಯಾವ ಮಂದಿರದಲ್ಲಿಯೂ 1975ರ ಪ್ರೇಕ್ಷಕ ಇಂತಹ ಚಿತ್ರವನ್ನು ನೋಡಿರಲಿಲ್ಲ. ಹಲವು ಪ್ರತಿಗಳಿಂದ ಆಯ್ದು ಜೋಡಿಸಿದ ಪರಿಷ್ಕೃತ ಪಾಠಕ್ಕೆ ಇರುವ ಗುಣವೂ ದೋಷವೂ ಇದಕ್ಕಿವೆ.

6. ಒಂದು ಚಿತ್ರ, ಎರಡು ವಿಚಾರಣೆಗಳು

ಈ ಪಾಠಚರ್ಚೆಯ ಮಿತಿಯನ್ನು ತೋರಿಸುವ ನಿದರ್ಶನ ಬರ್ನಾರ್ಡೊ ಬೆರ್ತೊಲುಚ್ಚಿ ಅವರ ‘ಲಾಸ್ಟ್ ಟ್ಯಾಂಗೊ ಇನ್ ಪ್ಯಾರಿಸ್’ (1972). ಇಟಲಿಯಲ್ಲಿ 1962ರ ಕಾನೂನಿನ ಪ್ರಕಾರ ಪ್ರದರ್ಶನಕ್ಕೆ ಅನುಮತಿ ಪಡೆದ ಚಿತ್ರವನ್ನೂ ದಂಡಸಂಹಿತೆಯ ಅಶ್ಲೀಲತೆಯ ವಿಧಿಗಳಡಿ ನ್ಯಾಯಾಂಗ ವಶಪಡಿಸಿಕೊಳ್ಳಬಹುದಾಗಿತ್ತು. ಅದೇ ಸಂಹಿತೆಯ 529ನೆಯ ವಿಧಿ ಕಲಾಕೃತಿಯನ್ನು ಅಶ್ಲೀಲವೆಂದು ಪರಿಗಣಿಸತಕ್ಕದ್ದಲ್ಲ ಎನ್ನುತ್ತದೆ. ಕಲಾಚಿತ್ರ ಮತ್ತು ಎಕ್ಸ್‌ಪ್ಲಾಯ್ಟೇಶನ್ ಚಿತ್ರಗಳ ನಡುವಿನ ಗಡಿ ಇಟಲಿಯಲ್ಲಿ ವಿಮರ್ಶಕರ ಚರ್ಚೆಗೆ ಸೀಮಿತವಾಗದೆ, ವಕೀಲರ ವಾದದ ವಿಷಯವಾದುದು ಈ ಕಾರಣದಿಂದ. 1972ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಚಿತ್ರವನ್ನು ವಶಪಡಿಸಿಕೊಳ್ಳಲಾಯಿತು. ಹಲವು ಹಂತಗಳ ವಿಚಾರಣೆಯ ನಂತರ 1976ರ ಜನವರಿ 29ರಂದು ಸರ್ವೋಚ್ಚ ಮೇಲ್ಮನವಿ ನ್ಯಾಯಾಲಯ ಪ್ರತಿಗಳನ್ನು ನಾಶಪಡಿಸುವ ಆದೇಶವನ್ನು ಅಂತಿಮಗೊಳಿಸಿತು. ನಿರ್ದೇಶಕರು ಅಮಾನತಿನ ಸೆರೆವಾಸದ ಶಿಕ್ಷೆಗೆ ಒಳಗಾಗಿ ಐದು ವರ್ಷ ಮತದಾನದ ಹಕ್ಕನ್ನು ಕಳೆದುಕೊಂಡರು. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಸಾಕ್ಷ್ಯವಾಗಿ ಉಳಿಸಿಕೊಂಡ ಪ್ರತಿಗಳು ಮಾತ್ರ ಬೆಂಕಿಯಿಂದ ಪಾರಾದವು. ನಿಷೇಧ ತೆರವಾದುದು 1987ರಲ್ಲಿ. ಇದೇ ಚಿತ್ರವನ್ನು ನೋಡಲು ಸ್ಪೇನಿನ ಜನ ಗಡಿದಾಟಿ ಫ್ರಾನ್ಸಿನ ಪೆರ್ಪಿನ್ಯಾನ್ ಪಟ್ಟಣಕ್ಕೆ ತಂಡೋಪತಂಡವಾಗಿ ಹೋಗುತ್ತಿದ್ದರು ಎಂಬುದೂ ಆ ಕಾಲದ ಸಾಮಾಜಿಕ ಚರಿತ್ರೆಯ ಭಾಗವಾಗಿದೆ.

ಈ ಮೊದಲ ವಿಚಾರಣೆಯಲ್ಲಿ ಚಿತ್ರ ಪ್ರೇಕ್ಷಕನ ಶೀಲಕ್ಕೆ ಏನು ಮಾಡುತ್ತದೆ ಎಂಬ ಪ್ರಶ್ನೆ ಹಲವು ವರ್ಷ ಚರ್ಚೆಯಾಯಿತು. ಚಿತ್ರೀಕರಣದಲ್ಲಿ ನಟಿಗೆ ಏನಾಯಿತು ಎಂಬ ಪ್ರಶ್ನೆ ಕೇಳಿಬರಲಿಲ್ಲ. ಚಿತ್ರೀಕರಣದ ಕಾಲಕ್ಕೆ ಮರಿಯಾ ಷ್ನೈಡರ್ ಅವರಿಗೆ 19 ವರ್ಷ. ಸಹನಟ ಮಾರ್ಲನ್ ಬ್ರಾಂಡೊ ಅವರಿಗೆ 47 ದಾಟಿತ್ತು. ಬಲಾತ್ಕಾರದ ದೃಶ್ಯವು ಮೂಲ ಚಿತ್ರಕಥೆಯಲ್ಲಿ ಇರಲಿಲ್ಲ, ಚಿತ್ರೀಕರಣಕ್ಕೆ ಸ್ವಲ್ಪ ಮೊದಲಷ್ಟೇ ತಮಗೆ ತಿಳಿಸಲಾಯಿತು, ಅದರಲ್ಲಿ ತಮ್ಮ ಕಣ್ಣೀರು ನಿಜವಾದುದು, ತಾವು ಅವಮಾನಿತರಾದೆವು ಎಂದು ಷ್ನೈಡರ್ 2007ರ ಸಂದರ್ಶನವೊಂದರಲ್ಲಿ ಹೇಳಿದರು. ಅವರು 2011ರಲ್ಲಿ ತೀರಿಕೊಂಡರು. ನಟಿಯ ಅಭಿನಯಕ್ಕಿಂತ ಹುಡುಗಿಯ ಪ್ರತಿಕ್ರಿಯೆ ತಮಗೆ ಬೇಕಾಗಿದ್ದರಿಂದ ದೃಶ್ಯದ ಒಂದು ವಿವರವನ್ನು ಆಕೆಗೆ ತಿಳಿಸಿರಲಿಲ್ಲವೆಂದು ಬೆರ್ತೊಲುಚ್ಚಿ 2013ರಲ್ಲಿ ಒಪ್ಪಿಕೊಂಡರು. ದೃಶ್ಯದ ಹಿಂಸೆ ಚಿತ್ರಕಥೆಯಲ್ಲಿ ಇತ್ತು, ಹೊಸದಾದುದು ಆ ವಿವರ ಮಾತ್ರ ಎಂದು 2016ರಲ್ಲಿ ಸ್ಪಷ್ಟೀಕರಣ ನೀಡಿದರು. 2024ರ ಡಿಸೆಂಬರ್‌ನಲ್ಲಿ ಸಿನೆಮಾತೆಕ್ ಫ್ರಾನ್ಸೇಸ್ ಈ ಚಿತ್ರದ ಪ್ರದರ್ಶನವನ್ನು ಗೊತ್ತುಪಡಿಸಿದಾಗ, ಹಿನ್ನೆಲೆಯನ್ನು ತಿಳಿಸದೆ ತೋರಿಸುವುದಕ್ಕೆ ವಿರೋಧ ವ್ಯಕ್ತವಾಗಿ, ಪ್ರದರ್ಶನ ರದ್ದಾಯಿತು. 1976ರ ತೀರ್ಪು ಮತ್ತು 2024ರ ರದ್ದತಿ ಎರಡರಲ್ಲಿಯೂ ಚಿತ್ರ ತೆರೆಯಿಂದ ಹಿಂದೆ ಸರಿದಿದೆ. ಎರಡರ ಹಿಂದಿನ ಪ್ರಶ್ನೆಗಳು ಮಾತ್ರ ಪರಸ್ಪರ ಸಂಬಂಧವಿಲ್ಲದವು. ಮೊದಲನೆಯದು ಪ್ರೇಕ್ಷಕನನ್ನು ಕುರಿತದ್ದು, ಎರಡನೆಯದು ನಟಿಯನ್ನು ಕುರಿತದ್ದು.

ಕಲಾಚಿತ್ರವೆಂದು ಗೌರವ ಪಡೆದ ಕೃತಿಯೊಂದರ ಸ್ಥಿತಿ ಹೀಗಿದ್ದರೆ, ಹೆಸರೇ ದಾಖಲಾಗದ ನಟಿಯರಿದ್ದ ಅಗ್ಗದ ಚಿತ್ರಗಳ ಸ್ಥಿತಿಯನ್ನು ಊಹಿಸಬಹುದು. ಪ್ರಕ್ಷೇಪ ಪದ್ಧತಿ ಈ ಪ್ರಶ್ನೆಯನ್ನು ಇನ್ನಷ್ಟು ತೀವ್ರಗೊಳಿಸುತ್ತದೆ. ತಾನು ಅಭಿನಯಿಸಿದ ಚಿತ್ರದೊಳಗೆ ನಂತರ ಏನು ಸೇರಿತು, ಯಾವ ದೇಶದಲ್ಲಿ ಯಾವ ಶೀರ್ಷಿಕೆಯಡಿ ಅದು ಪ್ರದರ್ಶಿತವಾಯಿತು ಎಂಬುದನ್ನು ತಿಳಿಯುವ ಮಾರ್ಗ ಕಲಾವಿದರಿಗೆ ಇರಲಿಲ್ಲ. ಇಲ್ಲಿ ಜನಾಂಗದ ಪ್ರಶ್ನೆಯೂ ಬೆರೆತಿದೆ. ‘ಎಮ್ಯಾನುಯೆಲ್’ ಚಿತ್ರದ ಕಥೆ ನಡೆಯುವುದು ಬ್ಯಾಂಕಾಕಿನಲ್ಲಿ. ಅಲ್ಲಿನ ಜನ ಯುರೋಪಿನ ನಾಯಕಿಯ ಅನುಭವಕ್ಕೆ ಹಿನ್ನೆಲೆಯಾಗಿಯೇ ಉಳಿಯುತ್ತಾರೆ. ಅದರ ಇಟಾಲಿಯನ್ ಅನುಕರಣೆ ‘ಎಮಾನುಯೆಲ್ಲೆ ನೇರಾ’ (1975) ಮೂಲದ ಹೆಸರಿನಿಂದ ಒಂದು ‘ಎಂ’ ಅಕ್ಷರವನ್ನು ಕೈಬಿಟ್ಟು, ಜಾವಾ ದ್ವೀಪದಲ್ಲಿ ಹುಟ್ಟಿದ ಲಾರಾ ಗೆಮ್ಸರ್ ಅವರನ್ನು ‘ಕಪ್ಪು ಎಮಾನುಯೆಲ್ಲೆ’ಯಾಗಿ ಮಾರುಕಟ್ಟೆಗೆ ತಂದಿತು. ಏಷ್ಯಾದ ಹೆಣ್ಣು, ಆಫ್ರಿಕದ ಹೆಣ್ಣು ಎಂಬ ಭೇದ ಆ ಮಾರುಕಟ್ಟೆಗೆ ಅಗತ್ಯವೆನಿಸಲಿಲ್ಲ.

7. ಮಾನದಂಡದ ಪಲ್ಲಟ

ಸೆನ್ಸಾರಿನ ಪ್ರಶ್ನೆ ಪ್ರೇಕ್ಷಕನಿಂದ ಕ್ಯಾಮೆರಾದ ಎದುರಿನ ಜೀವದ ಕಡೆಗೆ ಸರಿದ ಬಗೆಯನ್ನು ಬ್ರಿಟನ್ನಿನ ದಾಖಲೆಗಳಲ್ಲಿ ಕಾಣಬಹುದು. 1980ರ ದಶಕದ ಆರಂಭದಲ್ಲಿ ಮನೆಗಳಿಗೆ ವಿಡಿಯೋ ಬಂದಾಗ, ಪ್ರಮಾಣಪತ್ರವಿಲ್ಲದೆ ದೊರೆಯುತ್ತಿದ್ದ ಕ್ಯಾಸೆಟ್‌ಗಳ ವಿರುದ್ಧ ಪತ್ರಿಕೆಗಳು ಆಂದೋಲನ ನಡೆಸಿದವು. ಸರ್ಕಾರಿ ಅಭಿಯೋಗ ನಿರ್ದೇಶಕರ ಪಟ್ಟಿಯಲ್ಲಿ ಬೇರೆ ಬೇರೆ ಸಮಯಗಳಲ್ಲಿ ಒಟ್ಟು 72 ಚಿತ್ರಗಳು ಸೇರಿದ್ದವು. ಅವುಗಳಲ್ಲಿ 39 ಚಿತ್ರಗಳ ಮೇಲಿನ ಮೊಕದ್ದಮೆಗಳು ಯಶಸ್ವಿಯಾದವು. ಇಟಲಿಯ ಚಿತ್ರಗಳ ಪಾಲು ಅದರಲ್ಲಿ ಗಣನೀಯ. 1984ರ ವಿಡಿಯೋ ರೆಕಾರ್ಡಿಂಗ್ಸ್ ಕಾಯ್ದೆ ಪ್ರತಿ ಕ್ಯಾಸೆಟ್ಟಿಗೂ ಪ್ರಮಾಣಪತ್ರವನ್ನು ಕಡ್ಡಾಯಗೊಳಿಸಿತು. ಯುರೋಪಿಯನ್ ಆಯೋಗಕ್ಕೆ ನೀಡಬೇಕಾಗಿದ್ದ ಸೂಚನೆಯನ್ನು ನೀಡಿರಲಿಲ್ಲವೆಂಬ ಕಾರಣದಿಂದ ಆ ಕಾಯ್ದೆಯನ್ನು ಜಾರಿಗೊಳಿಸಲಾಗದೆಂಬುದು 25 ವರ್ಷಗಳ ನಂತರ, 2009ರಲ್ಲಿ, ಬೆಳಕಿಗೆ ಬಂದು, 2010ರಲ್ಲಿ ಅದನ್ನು ಪುನಃ ಅಂಗೀಕರಿಸಬೇಕಾಯಿತು.

ಆ ಪಟ್ಟಿಯಲ್ಲಿದ್ದ ರುಜ್ಜೆರೊ ದೆಯೊದಾತೊ ಅವರ ‘ಕ್ಯಾನಿಬಲ್ ಹೋಲೋಕಾಸ್ಟ್’ (1980) ಇಟಲಿಯಲ್ಲಿಯೇ ವಶವಾಗಿತ್ತು. ತೆರೆಯ ಮೇಲೆ ಸತ್ತ ನಟರು ಜೀವಂತವಾಗಿದ್ದಾರೆಂದು ನಿರ್ದೇಶಕರು ಸಾಬೀತುಪಡಿಸಬೇಕಾಯಿತು. ಪ್ರಾಣಿಗಳ ಸಾವು ಮಾತ್ರ ನಟನೆಯಾಗಿರಲಿಲ್ಲ. ಬ್ರಿಟಿಷ್ ಮಂಡಳಿ 2001ರಲ್ಲಿ ಸುಮಾರು 6 ನಿಮಿಷಗಳನ್ನು ಕತ್ತರಿಸಿ ಈ ಚಿತ್ರಕ್ಕೆ ಪ್ರಮಾಣಪತ್ರ ನೀಡಿತು. ಲೈಂಗಿಕ ಹಿಂಸೆಯ ದೃಶ್ಯಗಳೂ ಪ್ರಾಣಿಹಿಂಸೆಯ ದೃಶ್ಯಗಳೂ ಅದರಲ್ಲಿ ಸೇರಿದ್ದವು. 2011ರಲ್ಲಿ ಮತ್ತೆ ಪರಿಶೀಲಿಸಿದಾಗ ಉಳಿದ ಕತ್ತರಿ ಸುಮಾರು 15 ಸೆಕೆಂಡುಗಳದು ಮಾತ್ರ: ಒಂದು ಸಣ್ಣ ಪ್ರಾಣಿಯನ್ನು ನಿಜವಾಗಿ ಕೊಲ್ಲುವ ದೃಶ್ಯ. ಅಭಿನಯಿಸಿದ ಭೀಕರತೆಯನ್ನು ವಯಸ್ಕ ಪ್ರೇಕ್ಷಕನ ವಿವೇಚನೆಗೆ ಬಿಟ್ಟು, ಚಿತ್ರಕ್ಕಾಗಿ ಒಂದು ಜೀವಕ್ಕೆ ಕೊಟ್ಟ ನೋವನ್ನು ಮಾತ್ರ ತಡೆದ ಈ ನಿರ್ಧಾರದಲ್ಲಿ ಅರ್ಧ ಶತಮಾನದ ಪಲ್ಲಟ ಅಡಗಿದೆ. ಪ್ರಾಣಿಗಳ ರಕ್ಷಣೆಗೆ ಬ್ರಿಟನ್ನಿನಲ್ಲಿ 1937ರ ಚಲನಚಿತ್ರ ಕಾಯ್ದೆಯ ಆಧಾರವಿತ್ತು. ಮೋಸಹೋದ ನಟಿಯ ಪರವಾಗಿ ಅಂತಹ ಸ್ಪಷ್ಟ ಆಧಾರ ಈ ಅವಧಿಯ ಯಾವ ಸೆನ್ಸಾರ್ ವ್ಯವಸ್ಥೆಯಲ್ಲಿಯೂ ಎದ್ದು ಕಾಣುವುದಿಲ್ಲ ಎಂಬುದು ಚಿಂತನಾರ್ಹ.

8. ಸಂಗ್ರಹಾಲಯದ ಹೊಣೆ

ಸ್ವೀಡನ್ನಿನ ಸೆನ್ಸಾರ್ ಕಚೇರಿ 2010ರ ಕೊನೆಗೆ ಮುಚ್ಚಿತು. ಚಿತ್ರಗಳನ್ನು ನಿಷೇಧಿಸುವ ಅಥವಾ ಕತ್ತರಿಸಲು ಸೂಚಿಸುವ ಅಧಿಕಾರವನ್ನು ಇಟಲಿ 2021ರ ಏಪ್ರಿಲ್‌ನಲ್ಲಿ ಕೈಬಿಟ್ಟಿತು. ಕತ್ತರಿಯ ಯುಗ ಮುಗಿದಿರುವಾಗ ಚಿತ್ರಗಳ ರೂಪವನ್ನು ನಿರ್ಧರಿಸುವ ಅಧಿಕಾರ ಪುನರುಜ್ಜೀವನ ಮಾಡುವ ಸಂಗ್ರಹಾಲಯಗಳಿಗೂ ಖಾಸಗಿ ಪ್ರಕಾಶಕರಿಗೂ ಬಂದಿದೆ. ‘ಕತ್ತರಿಸದ ಸಂಪೂರ್ಣ ಪಾಠ’ ಎಂಬುದು ಈಗ ಮಾರಾಟದ ಮಂತ್ರ. ದೀರ್ಘವಾದ ಪಾಠವೇ ಶುದ್ಧವಾದ ಪಾಠ ಎಂಬ ನಂಬಿಕೆ ಅದರ ಹಿಂದಿದೆ. ಗ್ರಂಥಸಂಪಾದನೆಯಲ್ಲಿ ಹೆಚ್ಚು ಪದ್ಯಗಳಿರುವ ಪ್ರತಿಯೇ ಕವಿಯ ಪ್ರತಿ ಎಂದು ಯಾರೂ ಹೇಳುವುದಿಲ್ಲ. ನಿರ್ಮಾಪಕ ಸೇರಿಸಿದ ಪ್ರಕ್ಷೇಪವೂ ನಿರ್ದೇಶಕನ ಮೂಲ ದೃಶ್ಯವೂ ‘ಸಂಪೂರ್ಣ’ ಪಾಠದೊಳಗೆ ಒಂದೇ ಬೆಲೆಗೆ ಕುಳಿತಾಗ ಚರಿತ್ರೆ ಮಸುಕಾಗುತ್ತದೆ.

ಅಂತರರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಗಳ ಒಕ್ಕೂಟ (ಫಿಯಾಫ್, ಸ್ಥಾಪನೆ 1938) 2016ರಲ್ಲಿ ಪ್ರಕಟಿಸಿದ ಸೂಚೀಕರಣ ಕೈಪಿಡಿ ಕೃತಿ, ಪಾಠಭೇದ, ಬಿಡುಗಡೆಯ ರೂಪ, ಪ್ರತಿ ಎಂಬ ನಾಲ್ಕು ಹಂತಗಳನ್ನು ಬೇರ್ಪಡಿಸಿದೆ. ಈ ಚಿತ್ರರಾಶಿಗೆ ಅದಕ್ಕಿಂತ ಉಪಯುಕ್ತವಾದ ಸಾಧನ ಇನ್ನೊಂದಿಲ್ಲ. ಗ್ರಂಥಾಲಯವೊಂದು ಇಂತಹ ಚಿತ್ರದ ಡಿವಿಡಿಯನ್ನು ದಾಖಲಿಸುವಾಗ ಶೀರ್ಷಿಕೆ ಮತ್ತು ನಿರ್ದೇಶಕನ ಹೆಸರಿಗೆ ನಿಲ್ಲದೆ, ಯಾವ ದೇಶದ ಪಾಠ, ಯಾವ ಭಾಷೆ, ಎಷ್ಟು ನಿಮಿಷ, ಯಾವ ಪ್ರತಿಗಳಿಂದ ಜೋಡಿಸಿದ್ದು ಎಂಬುದನ್ನೂ ನಮೂದಿಸಿದರೆ ಸಂಶೋಧಕನ ಕೆಲಸ ಹಗುರವಾಗುತ್ತದೆ. ಅದರೊಡನೆ, ಕಲಾವಿದರು ತಮ್ಮ ಅನುಭವದ ಬಗ್ಗೆ ಬಹಿರಂಗವಾಗಿ ಹೇಳಿರುವ ಮಾತುಗಳಿಗೂ ದಾಖಲೆಯಲ್ಲಿ ಸ್ಥಳವಿರಬೇಕಾಗುತ್ತದೆ. ಷ್ನೈಡರ್ ಅವರ 2007ರ ಮಾತು ‘ಲಾಸ್ಟ್ ಟ್ಯಾಂಗೊ’ ಚಿತ್ರದ ಯಾವ ಪಾಠದಲ್ಲಿಯೂ ಇಲ್ಲ. ಆ ಮಾತನ್ನು ಬಿಟ್ಟು ಆ ಚಿತ್ರದ ಯಾವ ಪಾಠವೂ ಇನ್ನು ಪೂರ್ಣವಲ್ಲ.

9. ಉಪಸಂಹಾರ

ಯುರೋಪಿನ ಕಾಮಪ್ರಧಾನ ಹಾಗೂ ಎಕ್ಸ್‌ಪ್ಲಾಯ್ಟೇಶನ್ ಚಿತ್ರಗಳನ್ನು ಕೇವಲ ಅಗ್ಗದ ಸರಕೆಂದು ತಳ್ಳಿಹಾಕುವುದಾಗಲಿ, ನಿಷೇಧಕ್ಕೊಳಗಾದವೆಂಬ ಒಂದೇ ಕಾರಣಕ್ಕೆ ಸ್ವಾತಂತ್ರ್ಯದ ಸಂಕೇತಗಳೆಂದು ಕೊಂಡಾಡುವುದಾಗಲಿ ಸಂಶೋಧನೆಗೆ ನೆರವಾಗದು. ಪ್ರೇಕ್ಷಕರನ್ನು ಕಳೆದುಕೊಳ್ಳುತ್ತಿದ್ದ ಉದ್ಯಮ, ಗಡಿಗಳನ್ನು ದಾಟುತ್ತಿದ್ದ ಬಂಡವಾಳ, ದೇಶದಿಂದ ದೇಶಕ್ಕೆ ಬದಲಾಗುತ್ತಿದ್ದ ಕಾನೂನು ಇವು ಮೂರೂ ಸೇರಿ ಈ ಚಿತ್ರಗಳನ್ನು ರೂಪಿಸಿದವು. ಅವುಗಳ ಪಾಠಭೇದಗಳನ್ನು ಹೋಲಿಸಿ ನೋಡುವವರಿಗೆ ಸ್ಪೇನ್ ಯಾವುದಕ್ಕೆ ಅಂಜಿತು, ಫ್ರಾನ್ಸ್ ಯಾವುದರ ಮೇಲೆ ತೆರಿಗೆ ಹಾಕಿತು, ಇಟಲಿ ಯಾವುದನ್ನು ಸುಡಲು ಹೊರಟಿತು ಎಂಬುದು ತಿಳಿಯುತ್ತದೆ. ಆ ಹೋಲಿಕೆಗೆ ಸಿಗದೆ ಉಳಿಯುವುದು ದೃಶ್ಯದೊಳಗೆ ನಿಂತವರ ಸಮ್ಮತಿ. ಅದರ ಕುರುಹನ್ನು ಫಿಲ್ಮಿನ ಸುರುಳಿಗಳ ಹೊರಗೆ, ಒಪ್ಪಂದ ಪತ್ರಗಳಲ್ಲಿ, ಸಂದರ್ಶನಗಳಲ್ಲಿ, ಆತ್ಮಕಥನಗಳಲ್ಲಿ ಅರಸಬೇಕಾಗುತ್ತದೆ. ಆ ಕಾಲದ ಕಲಾವಿದರಲ್ಲಿ ಬಹುಮಂದಿ ಈಗ ಇಳಿವಯಸ್ಸಿನವರು; ಹಲವರು ಗತಿಸಿದ್ದಾರೆ. ಸುರುಳಿಗಳನ್ನು ಉಳಿಸುವ ಕೆಲಸಕ್ಕೆ ಯುರೋಪಿನ ಸಂಗ್ರಹಾಲಯಗಳು ತೋರಿರುವ ಆಸ್ಥೆಯನ್ನು ಆ ಮಾತುಗಳನ್ನು ದಾಖಲಿಸುವ ಕೆಲಸಕ್ಕೂ ತೋರಿದಾಗ ಈ ಅಧ್ಯಯನಕ್ಕೆ ಬೇಕಾದ ಇನ್ನೊಂದು ಆಕರ ದೊರೆಯುತ್ತದೆ.